ಪ್ರತಿಭೆಯ ಬೆಳೆ, ಕಸುಬಿನ ಬಾಳಿಕೆ

ಬೈಲಹೊಂಗಲವು ಹತ್ತಿಯ ಪೇಟೆಗೆ ಹೆಸರಾದ ಊರು. ನುರಿತ ಹತ್ತಿಯ ವ್ಯಾಪಾರಿಯು ಚಿಟಿಕೆಯಷ್ಟು ಅರಳೆಯನ್ನು ಬೆರಳುಗಳ ನಡುವೆ ಹಿಡಿದೆಳೆದು, ಅದರ ಎಳೆಯ ಉದ್ದವನ್ನೂ ಬಲವನ್ನೂ ಅಂದಾಜು ಮಾಡಬಲ್ಲನು. ರಾಮದುರ್ಗದ ಕೈಮಗ್ಗದ ನೇಕಾರನು ಹಾಸಿನಲ್ಲಿ ಒಂದೆಳೆ ಹರಿದರೂ ಒಡನೆ ಗುರುತಿಸುವನು. ಇದನ್ನು ಕಂಡವರು ‘ಹುಟ್ಟಿನಿಂದ ಬಂದ ಗುಣ’ ಎನ್ನುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ? ಒಮ್ಮೆ ಪರೀಕ್ಷೆಯಲ್ಲಿ ಸೋತು, ‘ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ಪುಸ್ತಕ ಮುಚ್ಚುವ ವಿದ್ಯಾರ್ಥಿಗೆ ಇದರ ಉತ್ತರ ಬಹು ಮುಖ್ಯವಾದುದು.

ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್‌ರೂ ಅವರ ಸಂಗಡಿಗರೂ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಪರಿಶೀಲಿಸಿ, 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 18ನೆಯ ವಯಸ್ಸಿನವರೆಗೆ ಅತ್ಯುತ್ತಮರೆನಿಸಿದವರು ಸರಾಸರಿ 7,410 ಗಂಟೆ, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು 5,301 ಗಂಟೆ, ಸಂಗೀತ ಶಿಕ್ಷಕರಾಗಲು ಕಲಿಯುತ್ತಿದ್ದವರು 3,420 ಗಂಟೆ ಒಂಟಿಯಾಗಿ ಸಾಧನೆ ಮಾಡಿದ್ದರೆಂದು ಅಂದಾಜಾಯಿತು.

ಆದರೆ ಗಂಟೆಗಳನ್ನು ಎಣಿಸಿದ ಮಾತ್ರಕ್ಕೆ ಕುಶಲತೆ ಬಾರದು. ಕೈಗೆಟುಕುವುದಕ್ಕಿಂತ ತುಸು ಮೇಲಿನ ಗುರಿಯಿರಬೇಕು. ತಪ್ಪು ಆಗಿಂದಾಗಲೇ ತಿಳಿಯಬೇಕು. ತಿದ್ದಿ ಮತ್ತೆ ಮಾಡಬೇಕು. ವ್ಯಾಪಾರಿಯ ತಪ್ಪು ಅಂದಾಜನ್ನು ಪೇಟೆಯ ಧಾರಣೆ ತಿದ್ದುತ್ತದೆ. ನೇಕಾರನ ತಪ್ಪನ್ನು ಬಟ್ಟೆಯೇ ತೋರಿಸುತ್ತದೆ. ಹೀಗೆ ಮರಳಿ ಮರಳಿ ಮಾಡುವಾಗ ಮಿದುಳಿನ ನರಕೋಶಗಳ ನಡುವಣ ಸಂಬಂಧಗಳು ಬಲಗೊಳ್ಳುತ್ತವೆ.

ಹಾಗೆಂದು ಅಭ್ಯಾಸವೇ ಸರ್ವಸ್ವವಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದರಂತೆ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಅಭ್ಯಾಸದ ಪಾಲು ಶೇಕಡಾ 21 ಮಾತ್ರ. ಹುಟ್ಟುಗುಣಕ್ಕೂ ಅವಕಾಶಕ್ಕೂ ಅವುಗಳ ಪಾಲು ಉಂಟು. ಹುಟ್ಟನ್ನು ನಾವು ಬದಲಿಸಲಾರೆವು. ಅವಕಾಶವನ್ನು ಸಮಾಜವು ಒದಗಿಸಬಲ್ಲದು. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. ಅದರಿಂದ ವಿದ್ಯಾರ್ಥಿವೇತನಗಳು ದೊರೆತವು. ಕಿತ್ತೂರಿನಲ್ಲಿ 1969ರಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಬಾಲಕಿಯರ ವಸತಿಶಾಲೆ ಆರಂಭವಾಯಿತು. ನೀರಿಲ್ಲದೆ ಬೀಜ ಮೊಳೆಯದಂತೆ, ಅವಕಾಶವಿಲ್ಲದೆ ಪ್ರತಿಭೆಯೂ ಮೊಳೆಯದು.

ಬೆಳೆದ ಪ್ರತಿಭೆ ಬಾಳಿಕೆ ಬರುವ ಬಗೆಯೇನು? ಇದಕ್ಕೆ ನಮ್ಮ ಎರೆಭೂಮಿಯ ಒಕ್ಕಲಿಗನೇ ಗುರು. ಹಿಂಗಾರಿ ಜೋಳದ ನಡುನಡುವೆ ಆತನು ಕುಸುಬೆಯ ಅಕ್ಕಡಿ ಸಾಲುಗಳನ್ನಿಡುತ್ತಾನೆ. ಮಳೆ ಕೈಕೊಟ್ಟು ಜೋಳ ಸೊರಗಿದರೂ, ಆಳಕ್ಕೆ ತಾಯಿಬೇರು ಇಳಿಸುವ ಕುಸುಬೆಯು ತಳದ ತೇವವನ್ನು ಹೀರಿ ನಿಲ್ಲಬಲ್ಲದು. ಒಂದು ಬೆಳೆ ಹೋದರೆ ಇನ್ನೊಂದು ಮನೆ ಸೇರುತ್ತದೆ.

ಉದ್ಯೋಗಕ್ಕೂ ಇದೇ ನಿಯಮ. ಯಂತ್ರಮಗ್ಗ ಬಂದಾಗ, ನೇಯುವುದೊಂದನ್ನೇ ಬಲ್ಲವನಿಗೆ ದಾರಿ ಕಿರಿದಾಗುತ್ತದೆ. ಬಣ್ಣ ಹಾಕುವುದು, ಹೊಸ ಅಂಚು ರೂಪಿಸುವುದು, ಲೆಕ್ಕವಿಡುವುದು, ಗಿರಾಕಿಯೊಡನೆ ವ್ಯವಹರಿಸುವುದು, ಇವುಗಳಲ್ಲಿ ಒಂದೆರಡನ್ನಾದರೂ ಬಲ್ಲವನಿಗೆ ಬೇರೆ ದಾರಿಗಳು ತೆರೆದಿರುತ್ತವೆ. ಆದರೆ ಅಕ್ಕಡಿಯೇ ಹೊಲವನ್ನೆಲ್ಲ ಆವರಿಸಬಾರದು. ಮುಖ್ಯ ಬೆಳೆ ಒಂದಿರಲೇಬೇಕು.

ಆದುದರಿಂದ ವಿದ್ಯಾರ್ಥಿಗಳು ಒಂದು ವಿಷಯವನ್ನು ಆಳವಾಗಿ ಕಲಿಯಲಿ. ಅದರ ಮಗ್ಗುಲಿಗೆ ಒಂದೆರಡು ಕೌಶಲಗಳನ್ನು ಬಿತ್ತಲಿ. ತಪ್ಪನ್ನು ತೋರಿಸಿಕೊಡುವ ಗುರುವನ್ನೋ ಗೆಳೆಯನನ್ನೋ ದೂರ ಮಾಡದಿರಲಿ. ಮುಚ್ಚಿದ ಗಣಿತದ ಪುಸ್ತಕವನ್ನು ತೆರೆದು, ತಪ್ಪಿದ ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವುದೇ ಈ ಬೇಸಾಯದ ಮೊದಲ ಕೆಲಸ.