ಕಂಬಿಯ ಬಲ, ಎಂಜಿನ್ನಿನ ಭಾರ

ಉಗಿ ಎಂಜಿನ್ನಿನ ಶಕ್ತಿ ಬಾಯ್ಲರಿನಲ್ಲಿ ಹುಟ್ಟಿದರೂ ಅದರಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಕೆಳಗಿನ ಕಂಬಿ. ಚಾಲಕ ಚಕ್ರಗಳ ಮೇಲೆ ಸಾಕಷ್ಟು ಭಾರವಿಲ್ಲದಿದ್ದರೆ ಅವು ಕಂಬಿಯನ್ನು ಹಿಡಿಯದೆ ನಿಂತಲ್ಲೇ ಜಾರಿ ಸುತ್ತುತ್ತವೆ. ಭಾರ ಮಿತಿ ಮೀರಿದರೆ ಕಂಬಿಯೂ ಸೇತುವೆಯೂ ತಾಳುವುದಿಲ್ಲ. ಒಂದು ಅಚ್ಚಿನ ಮೂಲಕ ಕಂಬಿಗೆ ಇಳಿಯುವ ಈ ಭಾರಕ್ಕೆ ಆಕ್ಸಲ್ ಲೋಡ್ ಎಂದು ಹೆಸರು. ಅಮೆರಿಕದ ಭಾರಿ ಗೂಡ್ಸ್ ಎಂಜಿನ್ನುಗಳ ಬೆಳವಣಿಗೆಗೂ ಹೊಸೂರು–ಕೃಷ್ಣಗಿರಿ ಸೀಮೆಯ ಹಳೆಯ ರೈಲಿನ ಅಳಿವಿಗೂ ಈ ಒಂದೇ ಸೂತ್ರ ಅನ್ವಯಿಸುತ್ತದೆ.

1876–78ರ ಭೀಕರ ಬರದ ನಂತರ, ಕ್ಷಾಮಪೀಡಿತ ಪ್ರದೇಶಗಳಿಗೆ ಧಾನ್ಯ ಬೇಗ ತಲುಪಬೇಕೆಂಬ ಉದ್ದೇಶದಿಂದ ಸರ್ಕಾರ ಕ್ಷಾಮರಕ್ಷಣೆಯ ರೈಲುಮಾರ್ಗಗಳನ್ನು ಯೋಜಿಸಿತು. ಆಗ ಸೇಲಂ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ರೈಲು ಬಂದಿತು. 1913ರಲ್ಲಿ ಧರ್ಮಪುರಿಯ ಮಾರ್ಗ ಹೊಸೂರನ್ನು ಮುಟ್ಟಿತು. ಖರ್ಚು ಉಳಿಸಲೆಂದು ಎರಡು ಕಂಬಿಗಳ ನಡುವೆ ಎರಡೂವರೆ ಅಡಿ ಅಂತರವನ್ನಷ್ಟೇ ಇಟ್ಟ ನ್ಯಾರೋಗೇಜ್ ಮಾರ್ಗಗಳಿವು. ಹಗುರ ಕಂಬಿಗೆ ಹಗುರ ಎಂಜಿನ್ನೇ ಗತಿಯಾದ್ದರಿಂದ ಸಾಗಿಸಬಹುದಾದ ಸರಕಿಗೂ ಮಿತಿಯಿತ್ತು. ಅಲ್ಲದೆ, ಬ್ರಾಡ್‌ಗೇಜ್ ಸೇರುವ ನಿಲ್ದಾಣದಲ್ಲಿ ಪ್ರತಿಯೊಂದು ಮೂಟೆಯನ್ನೂ ಇಳಿಸಿ ಬೇರೆ ವ್ಯಾಗನ್ನಿಗೆ ಏರಿಸಬೇಕಾಗುತ್ತಿತ್ತು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಈ ಮಾರ್ಗಗಳು ಮುಚ್ಚಿದವು.

ಅದೇ ವರ್ಷ ಅಮೆರಿಕದಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ ‘ಬಿಗ್ ಬಾಯ್’ ಎಂಜಿನ್ನುಗಳ ತಯಾರಿ ಆರಂಭವಾಯಿತು. ವಸಾಚ್ ಬೆಟ್ಟಗಳ ಏರು ಹತ್ತಲು ಅಮೆರಿಕನ್ ಲೋಕೋಮೋಟಿವ್ ಕಂಪನಿ 1944ರವರೆಗೆ ನಿರ್ಮಿಸಿದ ಈ 25 ಎಂಜಿನ್ನುಗಳಲ್ಲಿ ತಲಾ 16 ಚಾಲಕ ಚಕ್ರಗಳು ಎರಡು ಗುಂಪುಗಳಾಗಿದ್ದು, ಮುಂದಿನ ಗುಂಪು ತಿರುವಿನಲ್ಲಿ ಬಾಗುವಂತಿತ್ತು. ಅವುಗಳ ಆಕ್ಸಲ್ ಲೋಡ್ ಸುಮಾರು 30 ಟನ್. ಅದನ್ನು ತಾಳುವ ಕಂಬಿ ಇದ್ದುದರಿಂದಲೇ ಅಂಥ ಎಂಜಿನ್ ಸಾಧ್ಯವಾಯಿತು.

ಭಾರತಕ್ಕೆ ಒಗ್ಗಿದ್ದು ಈ ದೈತ್ಯವಲ್ಲ, ‘ಮಿಕಾಡೊ’ ಎಂಬ ಮಧ್ಯಮ ಗಾತ್ರದ ಮಾದರಿ. ಮುಂದೆ ದಾರಿ ಹಿಡಿಸುವ ಎರಡು ಸಣ್ಣ ಚಕ್ರ, ನಡುವೆ ಎಂಟು ಚಾಲಕ ಚಕ್ರ, ಹಿಂದೆ ಮತ್ತೆರಡು ಸಣ್ಣ ಚಕ್ರ ಇರುವುದರಿಂದ ಇದನ್ನು 2-8-2 ಎಂದು ಗುರುತಿಸುತ್ತಾರೆ. ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆ 1897ರಲ್ಲಿ ಜಪಾನಿಗಾಗಿ ಇಂಥ ಎಂಜಿನ್ನುಗಳನ್ನು ಕಟ್ಟಿದಾಗ, ಅಲ್ಲಿನ ಕಳಪೆ ಕಲ್ಲಿದ್ದಲಿಗೆ ವಿಶಾಲವಾದ ಒಲೆ ಬೇಕಿತ್ತು. ದೊಡ್ಡ ಚಾಲಕ ಚಕ್ರಗಳ ನಡುವೆ ಇಕ್ಕಟ್ಟಾಗಿ ಕೂರುತ್ತಿದ್ದ ಒಲೆಯನ್ನು ಹಿಂದಿನ ಸಣ್ಣ ಚಕ್ರಗಳ ಮೇಲಕ್ಕೆ ಸರಿಸಿದ್ದರಿಂದ ಅದನ್ನು ಪಕ್ಕಕ್ಕೂ ಹಿಗ್ಗಿಸಲು ಜಾಗ ಸಿಕ್ಕಿತು. ಕಲ್ಲಿದ್ದಲು ಅಗಲವಾದ ಜಾಲರಿಯ ಮೇಲೆ ತೆಳುವಾಗಿ ಹರಡಿ ಉರಿಯತೊಡಗಿತು. ಬೂದಿ ಹೆಚ್ಚಾಗಿರುವ ಭಾರತದ ಕಲ್ಲಿದ್ದಲಿಗೂ ಇದೇ ತಕ್ಕ ವ್ಯವಸ್ಥೆಯಾಗಿತ್ತು.

ಯುದ್ಧಕಾಲದಲ್ಲಿ ಅಮೆರಿಕದಿಂದಲೇ 2-8-2 ಎಂಜಿನ್ನುಗಳು ಭಾರತಕ್ಕೆ ಬಂದವು. ಸ್ವಾತಂತ್ರ್ಯಾನಂತರ ಇದೇ ಚಕ್ರವಿನ್ಯಾಸದ ಡಬ್ಲ್ಯುಜಿ ವರ್ಗ ಬ್ರಾಡ್‌ಗೇಜ್‌ನಲ್ಲಿ, ವೈಜಿ ವರ್ಗ ಮೀಟರ್‌ಗೇಜ್‌ನಲ್ಲಿ ಗೂಡ್ಸ್ ಸಾಗಾಟದ ಆಧಾರವಾದವು. ಆದರೆ ಮೊದಲನೆಯದರ ಆಕ್ಸಲ್ ಲೋಡ್ ಸುಮಾರು 18 ಟನ್ ಇದ್ದರೆ, ಎರಡನೆಯದರದು ಹತ್ತೂವರೆ ಟನ್ ಮಾತ್ರ. ಪಾಲಕೋಡು, ರಾಯಕೋಟೆ, ಕೆಲಮಂಗಲಗಳ ಮೂಲಕ ಹೊಸೂರಿಗೆ ರೈಲು 1960ರ ದಶಕದ ಕೊನೆಯಲ್ಲಿ ಮರಳಿದ್ದು ಮೀಟರ್‌ಗೇಜ್‌ನಲ್ಲಿ. ಅದು ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ, ಭಾರತದಲ್ಲಿ ಉಗಿಯ ಯುಗ ಮುಗಿಯುತ್ತಿದ್ದಾಗ.

ತಿರುಪತ್ತೂರು–ಕೃಷ್ಣಗಿರಿ ಮಾರ್ಗಕ್ಕೆ ಆ ಭಾಗ್ಯವೂ ಒದಗಲಿಲ್ಲ. ಮಾವು ಮತ್ತು ಗ್ರಾನೈಟಿಗೆ ಹೆಸರಾದ, 2004ರಲ್ಲಿ ಜಿಲ್ಲಾ ಕೇಂದ್ರವಾದ ಕೃಷ್ಣಗಿರಿ ಮತ್ತೆ ರೈಲು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಹಾಗೆ ಬರುವ ಮಾರ್ಗ ಭಾರಿ ಸರಕು ಹೊರುವ ಕಂಬಿಯ ಮೇಲೆಯೇ ಬರಬೇಕು; ಖರ್ಚು ಉಳಿಸಲು ಹಗುರವಾಗಿ ಹಾಕಿದ ದಾರಿ ಕಷ್ಟಕಾಲದಲ್ಲಿ ಉಳಿಯಲಿಲ್ಲ ಎಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ.