ಐವತ್ತರ ಹೊಸ್ತಿಲಲ್ಲಿ ಸ್ಕೀಯಿಂಗ್: ಔಲಿಯಲ್ಲಿ ನಾವಿಬ್ಬರು

ಹಿಮ ಅಂದರೆ ನಮ್ಮ ಹಾಸನದ ಕಡೆಯವರಿಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾಗಿ ಕೂತಿರೋದು, ಅಷ್ಟೇ. ಸಿನಿಮಾದಲ್ಲಿ ನಾಯಕಿ ಶಿಫಾನ್ ಸೀರೆ ಉಟ್ಟು ಅದರ ಮೇಲೆ ಹೊರಳಾಡೋದನ್ನು ನೋಡಿ, ಹತ್ತಿಯ ಹಾಗೆ ಮೆತ್ತಗಿರುತ್ತೆ ಅಂತ ನಂಬಿದವರು ನಾವು. ಮದುವೆಯ 25ನೇ ವರ್ಷಕ್ಕೆ ಎಲ್ಲಿಗೆ ಹೋಗೋಣ ಅಂತ ಮಾತು ಬಂದಾಗ, "ಸ್ಕೀಯಿಂಗ್ ಕಲಿಯೋಣ ರೀ" ಅಂದೆ. ನಮ್ಮವರು ಪೇಪರ್ ಕೆಳಗಿಟ್ಟು, "ಸ್ಕೂಟರ್ ಸ್ಟ್ಯಾಂಡ್ ಹಾಕೋಕೇ ಒದ್ದಾಡ್ತೀಯಲ್ಲೇ ನೀನು!" ಅಂದರು.

ಉತ್ತರಾಖಂಡದ ಔಲಿಯನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ಸ್ಲೆಡ್ಜ್ ಮೇಲೆ ಕೂತು ಫೋಟೊ ತೆಗೆಸಿಕೊಂಡು ವಾಪಸ್ ಬರುವುದು ನನಗೆ ಬೇಡವಿತ್ತು. ಅಲ್ಲಿ ಚಳಿಗಾಲದಲ್ಲಿ ಸರ್ಕಾರಿ ಸಂಸ್ಥೆ ಗಢವಾಲ್ ಮಂಡಲ ವಿಕಾಸ ನಿಗಮವೇ 7 ದಿನ, 14 ದಿನಗಳ ಸ್ಕೀ ತರಬೇತಿ ನಡೆಸುತ್ತದೆ. ಇನ್ನೊಂದು, ಔಲಿಗೆ ಹೋಗೋದು ಜೋಶಿಮಠದ ಮೂಲಕ. ನಮ್ಮ ಶೃಂಗೇರಿಯಂತೆ ಅದೂ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದು, ಜ್ಯೋತಿರ್ಮಠ. ಹೀಗಾಗಿ ನಮ್ಮವರಿಗೆ ದೇವರ ದರ್ಶನವೂ ಆಗುವಂತಾಯಿತು, ಅರ್ಧ ವಿರೋಧ ಅಲ್ಲಿಗೇ ಕರಗಿತು.

ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ನಕ್ಷೆಯಲ್ಲಿ ನೋಡಿ ಐದು ಗಂಟೆ ಅಂದುಕೊಳ್ಳಬೇಡಿ, ಒಂದು ಹಗಲು ಪೂರ್ತಿ ಬೇಕು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಅಂತ ಒಂದೊಂದೇ ಸಂಗಮ ದಾಟುತ್ತಾ ಹೋಗಬೇಕು. ನಡುವೆ ಒಂದು ರಾತ್ರಿ ಉಳಿದರೆ ಬೆನ್ನಿಗೂ ಒಳ್ಳೇದು, ದೇಹ ಎತ್ತರಕ್ಕೆ ಒಗ್ಗೋದಕ್ಕೂ ಒಳ್ಳೇದು.

ಜೋಶಿಮಠದಲ್ಲಿ ಮನಸ್ಸು ಸ್ವಲ್ಪ ಮುದುಡಿತು. 2023ರ ಜನವರಿಯಲ್ಲಿ ಈ ಊರಿನ ನೆಲ ಕುಸಿದು, ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಟ್ಟಿದ್ದು ನೆನಪಿರಬಹುದು. ಹಳೇ ಭೂಕುಸಿತದ ಮಣ್ಣು-ಕಲ್ಲಿನ ಮೇಲೆ ನಿಂತ ಊರಿದು, ದೊಡ್ಡ ಕಟ್ಟಡಗಳ ಭಾರ ತಡೆಯಲಾರದು ಅಂತ ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ಇಲ್ಲಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇತ್ತು, ಆ ಜನವರಿಯಲ್ಲಿ ಅದನ್ನೂ ನಿಲ್ಲಿಸಿದರು. ನಾವು ಜೀಪಿನಲ್ಲೇ ಹತ್ತಿದೆವು. ಇಂಥ ಊರಿಗೆ ಮೋಜಿಗೆ ಅಂತ ಬರೋದು ಸರೀನಾ ಅಂತ ಚಹಾ ಅಂಗಡಿಯವರನ್ನು ಕೇಳಿದೆ. "ನೀವು ಬರದಿದ್ದರೆ ನಾವು ತಿನ್ನೋದೇನು, ದೀದಿ?" ಅಂದರು. ನನಗೂ ಅದು ಸರಿ ಅನ್ನಿಸಿತು. ಆದರೆ ಅಲ್ಲಿ ಇನ್ನೂ ಇನ್ನೂ ಮಹಡಿಗಳು ಏಳುವುದು ಮಾತ್ರ ಬೇಡವೇ ಬೇಡ.

ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಮೊದಲ ದಿನ ಹತ್ತು ಹೆಜ್ಜೆಗೆ ಏದುಸಿರು ಬರುತ್ತೆ, ಹೆದರಬೇಡಿ. ಎದುರಿಗೆ 7,816 ಮೀಟರಿನ ನಂದಾದೇವಿ. ಬೆಳಗಿನ ಬಿಸಿಲು ಮೊದಲು ಅದರ ತುದಿಗೆ ತಾಗಿ ಆಮೇಲೆ ನಮ್ಮ ಕಡೆ ಇಳಿಯುತ್ತಿತ್ತು. ನಲ್ಲಿಯ ನೀರು ಹೆಪ್ಪುಗಟ್ಟಿ, ಬಕೆಟ್ ಬಿಸಿನೀರಿಗೆ ಕಾಯುವಾಗ ಅಷ್ಟೇ ಈ ಸೌಂದರ್ಯದ ಮೇಲೆ ಸಿಟ್ಟು ಬರ್ತಿತ್ತು.

ಸ್ಕೀ ಬೂಟು ಹಾಕಿದರೆ ಕಾಲಿಗೆ ಸಿಮೆಂಟ್ ಕಟ್ಟಿದ ಹಾಗೆ, ಹಿಮ್ಮಡಿ ಅಲ್ಲಾಡಲ್ಲ. ಮೊದಲ ದಿನ ಪಾಠ ನಡೆಯೋದು, ಅಡ್ಡಡ್ಡಲಾಗಿ ಹತ್ತೋದು, ಬಿದ್ದರೆ ಏಳೋದು ಮಾತ್ರ. ಎರಡನೇ ದಿನ ಬ್ರೇಕ್. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲ ಮಾಡಿದರೆ ವೇಗ ತಗ್ಗುತ್ತೆ. ತರಬೇತಿ ಕೊಟ್ಟ ಗಢವಾಲಿ ಹುಡುಗ ಇದನ್ನು "ಪಿಜ್ಜಾ ಮಾಡಿ, ಪಿಜ್ಜಾ ಮಾಡಿ" ಅಂತ ಕೂಗ್ತಿದ್ದ, ಸ್ಕೀಗಳ ಮಧ್ಯೆ ಪಿಜ್ಜಾ ತುಂಡಿನ ಆಕಾರ ಬರೋದರಿಂದ. ಕಷ್ಟ ಇರೋದು ಭಯದಲ್ಲಿ. ಹೆದರಿದ ಕೂಡಲೇ ಮೈ ಹಿಂದಕ್ಕೆ ವಾಲುತ್ತೆ. ಹಿಂದಕ್ಕೆ ವಾಲಿದರೆ ಸ್ಕೀ ನಮ್ಮ ಮಾತು ಕೇಳಲ್ಲ, ತಾನೇ ಓಡುತ್ತೆ. ಇಳಿಜಾರಿನ ಕಡೆಗೇ ಮುಂದೆ ಬಾಗಬೇಕು, ಆಗಲೇ ಹಿಡಿತ ಸಿಗೋದು.

ನಾವಿಬ್ಬರೂ ಬಿದ್ದಿದ್ದು ಹೆಚ್ಚು ಒಟ್ಟಿಗೇ. ನಾನು ಜಾರಿದರೆ ಅವರು ಕೈ ಚಾಚೋರು, ಅವರು ವಾಲಿದರೆ ನಾನು ಜಾಕೆಟ್ ಹಿಡಿಯೋಳು, ಇಬ್ಬರೂ ಧೊಪ್ ಅಂತ ನೆಲಕ್ಕೆ. ಕೊನೆಗೆ ಆ ಹುಡುಗ ಇವರನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ, "ಭಾಯಿಸಾಬ್, ದೀದಿ ಬೀಳಲಿ, ಹಿಡ್ಕೋಬೇಡಿ" ಅಂದ. ನಮ್ಮವರಿಗೆ ಅವಮಾನ ಆದ ಹಾಗೆ ಕಂಡಿತು. ಮೂರನೇ ದಿನ ಮಂಡಿ ನೋವು ಅಂತ ಬೂಟು ಬಿಚ್ಚಿಟ್ಟು, ಚಹಾ ಅಂಗಡಿಯ ಬೆಂಚು ಹಿಡಿದರು.

ನಾಲ್ಕನೇ ದಿನ ಸಂಜೆ, ನಾಳೆ ಮೇಲಿನ ಇಳಿಜಾರಿಗೆ ಕರ್ಕೊಂಡು ಹೋಗ್ತಾರಂತೆ ಅಂದೆ. "ಬೇಡ ಕಣೇ" ಅಂದರು. ಯಾಕೆ ಅಂದೆ. "ಕೈಕಾಲು ಮುರ್ಕೊಂಡರೆ ಅಮ್ಮನ್ನ ಯಾರು ನೋಡ್ಕೊಳ್ಳೋದು?"

ನಮ್ಮ ಅತ್ತೆಗೆ 82. ಎರಡು ವರ್ಷದಿಂದ ನಡೆದಾಟ ಕಮ್ಮಿ. ಸ್ನಾನ, ಮಾತ್ರೆ, ರಾತ್ರಿ ಎರಡು ಸಲ ಏಳಿಸೋದು ಎಲ್ಲಾ ನನ್ನದೇ. ನಾವು ಹೊರಟಾಗ ನಾದಿನಿ ಹತ್ತು ದಿನಕ್ಕೆ ಅಂತ ಬಂದು ಕೂತಿದ್ದಳು. ಅವರು ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ "ನಿನಗೆ ನೋವಾಗುತ್ತೆ" ಅನ್ನೋದು ಮೊದಲು ಬರಬಹುದಿತ್ತು. ಅದನ್ನು ಹಾಗೇ ಹೇಳಿದೆ. ಆ ರಾತ್ರಿ ಎರಡು ಕಂಬಳಿ, ಎರಡು ಮೌನ. ಬೆಳಗ್ಗೆ ಕಣ್ಣು ಬಿಟ್ಟಾಗ ಅವರು ನನ್ನ ಬೂಟನ್ನು ಹೀಟರ್ ಹತ್ತಿರ ಇಟ್ಟು ಬೆಚ್ಚಗೆ ಮಾಡ್ತಿದ್ದರು. ಇಳಿಜಾರಿನ ತನಕ ಸ್ಕೀ ಹೆಗಲ ಮೇಲೆ ಹೊತ್ತು ತಂದರು, ಮಾತು ಮಾತ್ರ ಆಡಲಿಲ್ಲ. ನಾನು ಎರಡು ಸಲ ಬಿದ್ದು, ಮೂರನೇ ಸಲ ಕೆಳಗಿನವರೆಗೂ ನಿಂತೇ ಬಂದೆ. "ಮುಂದೆ ಬಾಗು, ಮುಂದೆ!" ಅಂತ ಕೆಳಗಿಂದ ಕನ್ನಡದಲ್ಲಿ ಕೂಗ್ತಿದ್ದವರು ಅವರೇ.

ಹೋಗುವವರಿಗೆ ಒಂದಷ್ಟು ಮಾತು. ಜನವರಿ ಕೊನೆಯಿಂದ ಫೆಬ್ರವರಿ ಒಳ್ಳೆಯ ಕಾಲ, ಆದರೂ ಹಿಮದ ಭರವಸೆ ಈಗ ಯಾರೂ ಕೊಡಲಾರರು. ಹಿಮ ಸಾಲದೆ ಇಲ್ಲಿನ ಸ್ಪರ್ಧೆಗಳೇ ರದ್ದಾದ ವರ್ಷಗಳಿವೆ. ಟಿಕೆಟ್ ಮಾಡುವ ಮೊದಲು ಫೋನ್ ಮಾಡಿ ಕೇಳಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗಲ್ಲ. ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ನೀರು ಇಳಿಯದ ಜಾಕೆಟ್. ಗ್ಲೌಸ್ ಎರಡು ಜೊತೆ. ಬಿಸಿಲು ಹಿಮದಿಂದ ಚಿಮ್ಮಿ ಕೆಳಗಿಂದಲೂ ಸುಡುತ್ತೆ, ಗದ್ದದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ, ಕಪ್ಪು ಕನ್ನಡಕ ಮರೆಯಬೇಡಿ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತೆ, ಒಳಜೇಬಿನಲ್ಲಿಡಿ. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನು ಕೇಳಿ. ತಲೆನೋವು, ವಾಕರಿಕೆ ಹೆಚ್ಚಾಗುತ್ತಾ ಹೋದರೆ ಹಟ ಮಾಡದೆ ಕೆಳಗಿಳಿಯಿರಿ.

ಊರಿಗೆ ಬಂದ ಮೇಲೆ ನಾದಿನಿ ವಿಡಿಯೊಗಳನ್ನೆಲ್ಲಾ ಎರಡೆರಡು ಸಲ ನೋಡಿದಳು. "ಮುಂದಿನ ಫೆಬ್ರವರಿಗೆ ನಾನೂ ಅತ್ತಿಗೇನೂ ಹೋಗ್ತೀವಿ. ಅಮ್ಮನ್ನ ನೀನು ನೋಡ್ಕೋ ಅಣ್ಣ" ಅಂದಳು. ನಮ್ಮವರು ಈಗ ಅತ್ತೆಯ ಮಾತ್ರೆ ಡಬ್ಬಿಯ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ದೊಡ್ಡಕ್ಷರದಲ್ಲಿ ಚೀಟಿ ಅಂಟಿಸಿದ್ದಾರೆ.