ಕಬ್ಬಿನ ಹಂಗಾಮಿನ ರಸ್ತೆಗೆ ಸ್ಪೋರ್ಟಿ ಕಾರು: ಯಾವ ಟೈರ್ ಹಾಕಿಸೋಣ?

ನಮ್ಮ ಜಮಖಂಡಿ, ಮುಧೋಳ ಕಡೆ ಟ್ರ್ಯಾಕ್ಟರ್ ಟೈರ್ ಬಗ್ಗೆ ಯಾರನ್ನು ಕೇಳಿದರೂ ಅರ್ಧ ತಾಸು ಮಾತಾಡ್ತಾರೆ. ಎರೆ ಹೊಲದಲ್ಲಿ ಯಾವ ಕಂಪನಿಯದು ಜಾರೋದಿಲ್ಲ, ಯಾವುದು ಬೇಗ ಸವೆಯುತ್ತದೆ, ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವಾಗ ಹಿಂದಿನ ಗಾಲಿಗೆ ಎಷ್ಟು ಹವಾ ಇರಬೇಕು, ಎಲ್ಲವೂ ಬಾಯಿಪಾಠ. ಅದೇ ಮನೆಯ ಅಂಗಳದಲ್ಲಿ ನಿಂತ ಕಾರಿನ ಟೈರ್ ಸವೆದಾಗ ಮಾತ್ರ ಪ್ರಶ್ನೆ ಎರಡೇ: ಎಷ್ಟು ರೊಕ್ಕ? ಎಷ್ಟು ಸಾವಿರ ಕಿಲೋಮೀಟರ್ ಬಾಳಿಕೆ?

ಸಾದಾ ಕಾರಿಗೆ ಈ ಎರಡು ಪ್ರಶ್ನೆಯಲ್ಲೇ ಕೆಲಸ ಮುಗಿಯಬಹುದು. ಆದರೆ ಈಗ ನಮ್ಮ ಊರುಗಳಲ್ಲೂ ಟರ್ಬೊ ಎಂಜಿನ್ನಿನ ಚುರುಕು ಕಾರುಗಳು ಬಂದಿವೆ. ಮುಧೋಳದಲ್ಲಿರುವ ನಮ್ಮ ಕಾಕಾನ ಮಗನ ಹತ್ತಿರ ಇರುವುದು ಹ್ಯುಂಡೈ ಐ20 ಎನ್ ಲೈನ್. 2021ರಲ್ಲಿ ಭಾರತಕ್ಕೆ ಬಂದ ಮಾದರಿ. ಒಂದು ಲೀಟರ್ ಟರ್ಬೊ ಎಂಜಿನ್, 120 ಪಿಎಸ್ ಶಕ್ತಿ, ಸಾದಾ ಐ20ಗಿಂತ ಬಿಗಿಯಾದ ಸಸ್ಪೆನ್ಷನ್. ಪೂರ್ತಿ ಸ್ಪೋರ್ಟ್ಸ್ ಕಾರ್ ಅನ್ನಲಾಗದು, ಆದರೆ ನಮ್ಮ ರಸ್ತೆಗಳ ಮಟ್ಟಿಗೆ ಅದೇ ಸ್ಪೋರ್ಟ್ಸ್ ಕಾರು. ಅವನದು ಸೀರೆ ವ್ಯಾಪಾರ. ವಾರಕ್ಕೆ ಎರಡು ಸಲ ರಬಕವಿ-ಬನಹಟ್ಟಿಯ ನೇಕಾರರ ಮನೆಗೆ, ಮಧ್ಯೆ ಜಮಖಂಡಿಗೆ, ಹೆಂಡತಿಯ ತವರು ಬೀಳಗಿಗೆ ಓಡಾಟ. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗಳು.

40 ಸಾವಿರ ಕಿಲೋಮೀಟರ್ ಹತ್ತಿರ ಬಂದಾಗ ಟೈರ್ ಬದಲಿಸುವ ಮಾತು ಎದ್ದಿತು. ನಾನು ಓದಿದ್ದು ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್. ಆದರೆ ನಮ್ಮ ಮನೆತನದಲ್ಲಿ ಮಿಕ್ಸರ್ ಕೆಟ್ಟರೂ ಇಂಜಿನಿಯರ್ ನಾನೇ. ಹಾಗಾಗಿ ಫೋನ್ ಬಂತು.

“ಅಣ್ಣಾ, 17 ಇಂಚಿನ ರಿಮ್ ಹಾಕಿಸಿ ಅಗಲದ ಟೈರ್ ಕೂಡಸ್ತೇನಿ. ಗಾಡಿ ನೋಡಾಕ ಭಾರಿ ಕಾಣ್ತೈತಿ,” ಅಂತ ಇವನು.

ಹಿಂದಿನಿಂದ ಕಾಕಾನ ದನಿ: “ಅವೆಲ್ಲ ಬ್ಯಾಡ. ಅರವತ್ತು ಸಾವಿರ ಓಡೂವಂಥಾ ಗಟ್ಟಿ ಟೈರ್ ಯಾವುದೈತಿ, ಅದನ್ನ ಹೇಳಪಾ.”

ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಆದರೆ ಇಬ್ಬರೂ ಕೇಳದೇ ಬಿಟ್ಟ ಮೂರನೇ ಪ್ರಶ್ನೆ ಒಂದಿತ್ತು: ಮಳೆಯಲ್ಲಿ, ಕತ್ತಲಲ್ಲಿ, ಎದುರಿಗೆ ಕಬ್ಬಿನ ಟ್ರೇಲರ್ ಕಂಡಾಗ ಈ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಇಪ್ಪತ್ತೈದು ಕಿಲೋಮೀಟರಿನ ಲೆಕ್ಕ

ಕಾರಿಗೂ ರಸ್ತೆಗೂ ಇರುವ ಸಂಬಂಧ ನಾಲ್ಕು ಅಂಗೈ ಅಗಲದಷ್ಟು ರಬ್ಬರ್ ಮಾತ್ರ. ಬ್ರೇಕ್ ಗಾಲಿಯನ್ನು ಹಿಡಿಯುತ್ತದೆ; ಕಾರನ್ನು ನಿಲ್ಲಿಸುವುದು ಟೈರ್. ಪಿಯುಸಿ ಭೌತಶಾಸ್ತ್ರದ ಸೂತ್ರ ಹಾಕಿದರೆ, 80 ಕಿ.ಮೀ. ವೇಗದ ಕಾರು ಒಳ್ಳೆಯ ಒಣ ಡಾಂಬರಿನ ಮೇಲೆ (ಘರ್ಷಣೆ 0.8) ಬ್ರೇಕ್ ಒತ್ತಿದ ಮೇಲೆ ಸುಮಾರು 31 ಮೀಟರ್‌ನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಘರ್ಷಣೆ 0.5ಕ್ಕೆ ಇಳಿದರೆ 50 ಮೀಟರ್ ಬೇಕು. ನಾವು ನೋಡಿ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಓಡುವ 22 ಮೀಟರ್ ಬೇರೆ.

ಈಗ ಅದೇ ಒದ್ದೆ ರಸ್ತೆಯಲ್ಲಿ ಎರಡು ಕಾರು ಒಟ್ಟಿಗೆ ಬ್ರೇಕ್ ಹಾಕಿದವು ಅಂದುಕೊಳ್ಳಿ. ಎರಡನೇ ಕಾರಿನ ಟೈರ್ ಹಿಡಿತ ಬರೀ 10 ಶೇಕಡಾ ಕಡಿಮೆ. ಮೊದಲನೆಯದು ನಿಂತ ಜಾಗಕ್ಕೆ ಬಂದಾಗ ಎರಡನೆಯದು ಇನ್ನೂ 25 ಕಿ.ಮೀ. ವೇಗದಲ್ಲಿರುತ್ತದೆ. ಆ 25 ಕಿ.ಮೀ. ಹೋಗಿ ಬಡಿಯುವುದು ಕಬ್ಬಿಣದ ಟ್ರೇಲರಿನ ಹಿಂಬದಿಗೆ.

ಕಾಕಾಗೆ ನಾನು ಹೇಳಿದ್ದು ಇಷ್ಟೇ ಲೆಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಗಟ್ಟಿ ಟೈರ್ ಅಂದ್ರ ಜಾರೂ ಟೈರ್ ಅಂತಿಯೇನು?” ಅಂತ ಕೇಳಿದರು. ಎಲ್ಲ ಸಲ ಅಲ್ಲ. ಆದರೆ ಬಾಳಿಕೆಯೊಂದನ್ನೇ ನೋಡಿ ಗಡಸು ರಬ್ಬರಿನಲ್ಲಿ ಮಾಡಿದ ಟೈರ್ ಒದ್ದೆಯಲ್ಲಿ ಸೋಲುವುದು ಸಾಮಾನ್ಯ. ಹಿಡಿತಕ್ಕೆ ಮೆತ್ತಗಿನ ರಬ್ಬರ್ ಬೇಕು, ಬಾಳಿಕೆಗೆ ಗಡಸು ಬೇಕು. ಈಚಿನ ಒಳ್ಳೆಯ ಟೈರ್‌ಗಳಲ್ಲಿ ರಬ್ಬರಿಗೆ ಕಾರ್ಬನ್ ಕಪ್ಪಿನ ಜೊತೆ ಸಿಲಿಕಾ ಬೆರೆಸುವುದು ಈ ಜಗಳವನ್ನು ಕಡಿಮೆ ಮಾಡಲಿಕ್ಕೆ. ಆದರೂ ಜಗಳ ಪೂರ್ತಿ ಮುಗಿದಿಲ್ಲ.

ನಮ್ಮ ರಸ್ತೆಯ ಗುಣ

ಟೈರ್ ವಿಮರ್ಶೆಗಳಲ್ಲಿ ಓದುವುದು ಎಕ್ಸ್‌ಪ್ರೆಸ್‌ವೇ, ರೇಸ್ ಟ್ರ್ಯಾಕ್ ಸುದ್ದಿ. ನಮ್ಮ ನಾಲ್ಕು ತಾಲ್ಲೂಕಿನ ರಸ್ತೆಯ ಗುಣವೇ ಬೇರೆ. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗಿ ಏಳುವುದು, ಅಂಚು ಮುರಿಯುವುದು ಇದರಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ಮುಟ್ಟಿದಾಗ ಕಪ್ಪು ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ.

ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಬಾಡಗಂಡಿ, ಯಾವ ಕಾರ್ಖಾನೆಯ ದಾರಿ ಹಿಡಿದರೂ ಡಬಲ್ ಟ್ರೇಲರಿನ ಸಾಲು. ಹೊಲದಿಂದ ಹತ್ತಿದ ಗಾಡಿಗಳ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಉದುರಿ, ಒಂದು ತುಂತುರು ಮಳೆ ಬಿದ್ದರೆ ಸಾಕು, ಎಣ್ಣೆ ಸವರಿದಂತೆ ಆಗುತ್ತದೆ. ಉದುರಿದ ಕಬ್ಬಿನ ಜಲ್ಲೆಗಳು ಬೇರೆ. ರಾತ್ರಿ ಹೊತ್ತು ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಮಣ್ಣಲ್ಲಿ ಮುಚ್ಚಿಹೋದ ಟ್ರೇಲರ್ ನಮ್ಮ ಹೆಡ್‌ಲೈಟಿಗೆ ಕಾಣುವಷ್ಟರಲ್ಲಿ ತೀರಾ ಹತ್ತಿರವಾಗಿರುತ್ತದೆ.

ಹಾಗಾಗಿ ನಮ್ಮ ಕಡೆ ‘ಹೈ ಪರ್ಫಾರ್ಮೆನ್ಸ್’ ಅಂದರೆ 200ರ ವೇಗದಲ್ಲಿ ತಿರುವು ಹೊಡೆಯುವುದಲ್ಲ. ಒದ್ದೆಯಲ್ಲಿ ನಿಲ್ಲಬೇಕು, ಬಿಸಿ ತಡೆಯಬೇಕು, ಗುಂಡಿಗೆ ಬಿದ್ದರೆ ಒಡೆಯಬಾರದು. ಮೂರೂ ಬೇಕು.

17 ಇಂಚಿನ ಆಸೆ

ಎನ್ ಲೈನ್ ಕಾರಿಗೆ ಕಂಪನಿ ಕೊಟ್ಟಿರುವ ಅಳತೆ 195/55 ಆರ್16. 195 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಪಕ್ಕದ ಎತ್ತರ, ಅಂದರೆ ಸೈಡ್‌ವಾಲ್, ಅಗಲದ ಶೇ. 55. ಆರ್ ಅಂದರೆ ರೇಡಿಯಲ್. 16 ಅಂದರೆ ರಿಮ್ ಇಂಚು. ಗುಣಿಸಿದರೆ ಸೈಡ್‌ವಾಲ್ ಸುಮಾರು 107 ಮಿ.ಮೀ.

ತಮ್ಮ ಕೇಳಿದ್ದು 205/45 ಆರ್17. ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಸ್ಪೀಡೋಮೀಟರ್ ಕೂಡ ದೊಡ್ಡದಾಗಿ ತಪ್ಪುವುದಿಲ್ಲ. ಆದರೆ ಸೈಡ್‌ವಾಲ್ 92 ಮಿ.ಮೀ.ಗೆ ಇಳಿಯುತ್ತದೆ. ಕಳೆದುಕೊಂಡದ್ದು ಒಂದೂವರೆ ಸೆಂಟಿಮೀಟರ್. ಗುಂಡಿಯ ಏಟನ್ನು ರಿಮ್ಮಿಗಿಂತ ಮೊದಲು ನುಂಗುವುದು ಅದೇ ಒಂದೂವರೆ ಸೆಂಟಿಮೀಟರ್. ಸೈಡ್‌ವಾಲ್ ಗಿಡ್ಡ ಆದಷ್ಟೂ ತಿರುವಿನಲ್ಲಿ ಸ್ಟಿಯರಿಂಗ್ ಚುರುಕು, ನಿಜ. ಆದರೆ ಡಾಂಬರಿನ ಮುರಿದ ಅಂಚಿಗೆ ತಾಗಿ ಒಳಗಿನ ದಾರ ಹರಿದರೆ ಟೈರ್ ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರ್ ಎಸೆಯಬೇಕು. ರಾತ್ರಿ ಬೀಳಗಿ ದಾರಿಯಲ್ಲಿ ಮಗು ಕೂಡಿಸಿಕೊಂಡು ಹೋಗುವಾಗ ಅದು ಒಡೆದರೆ ಏನು ಅಂತ ಕೇಳಿದೆ. ತಮ್ಮ ರಿಮ್ ಮಾತು ಅಲ್ಲಿಗೇ ಬಿಟ್ಟ.

ಟೈರಿನ ಜಾತಕ ಓದುವುದು

ಟೈರಿನ ಪಕ್ಕದಲ್ಲೇ ಅದರ ಜಾತಕ ಬರೆದಿರುತ್ತದೆ. ಅಳತೆಯ ಮುಂದೆ 87ವಿ ಅಂತ ಇದೆ ಅನ್ನಿ. 87 ಅಂದರೆ ಒಂದು ಟೈರ್ 545 ಕೆ.ಜಿ. ಹೊರಬಲ್ಲದು. ಐದು ಜನ, ಸೀರೆ ಗಂಟು, ಮಹಾಲಿಂಗಪುರದ ಬೆಲ್ಲದ ಪೆಂಟೆ ಎಲ್ಲ ಸೇರಿದಾಗ ಇದು ಲೆಕ್ಕಕ್ಕೆ ಬರುತ್ತದೆ. ಕೊನೆಯ ಅಕ್ಷರ ವೇಗದ ಮಿತಿ: ಟಿ ಅಂದರೆ 190, ಎಚ್ ಅಂದರೆ 210, ವಿ ಅಂದರೆ 240 ಕಿ.ಮೀ. “ನಾವು ನೂರರ ಮ್ಯಾಲ ಹೋಗೂದಿಲ್ಲ, ಟಿ ಸಾಕಲ್ಲ?” ಅಂತ ಕಾಕಾ. ಸಾಲದು. ಹೆಚ್ಚು ವೇಗಕ್ಕೆ ಪರೀಕ್ಷೆಯಾದ ಟೈರನ್ನು ಹೆಚ್ಚು ಬಿಸಿ ತಾಳುವಂತೆ ಕಟ್ಟಿರುತ್ತಾರೆ. ನಮ್ಮ ಮೇ ತಿಂಗಳಿಗೆ ಬೇಕಾದದ್ದು ಆ ಗುಣ. ಕಂಪನಿ ಕೊಟ್ಟ ಅಕ್ಷರಕ್ಕಿಂತ ಕೆಳಗೆ ಇಳಿಯಬಾರದು.

ಹಲವು ಟೈರ್‌ಗಳ ಮೇಲೆ ‘ಟ್ರೆಡ್‌ವೇರ್’ ಅಂತ ಒಂದು ಸಂಖ್ಯೆ ಇರುತ್ತದೆ. ಇದು ಅಮೆರಿಕದ ಪದ್ಧತಿ. 100 ಅಂಕದ ಮಾದರಿ ಟೈರಿಗೆ ಹೋಲಿಸಿ ಎಷ್ಟು ನಿಧಾನ ಸವೆಯುತ್ತದೆ ಅನ್ನುವ ಅಂದಾಜು. ಸಂಖ್ಯೆ ಏರಿದಷ್ಟೂ ಬಾಳಿಕೆ ಹೆಚ್ಚು. ಆದರೆ ಅಂಕ ಕೊಡುವುದು ತಯಾರಕರೇ ಆದ್ದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 400ಕ್ಕೆ ಕಣ್ಣುಮುಚ್ಚಿ ಹೋಲಿಸಬೇಡಿ. ಪಕ್ಕದಲ್ಲಿರುವ ‘ಟ್ರ್ಯಾಕ್ಷನ್’ ಅಕ್ಷರ ನಮಗೆ ಹೆಚ್ಚು ಮುಖ್ಯ. ಅದು ಒದ್ದೆಯಲ್ಲಿ ನೇರ ಬ್ರೇಕಿನ ಪರೀಕ್ಷೆ; ಎಎ ಎಲ್ಲಕ್ಕಿಂತ ಮೇಲು, ನಂತರ ಎ, ಬಿ, ಸಿ. ‘ಟೆಂಪರೇಚರ್’ ಅಕ್ಷರ ಎ ಇರಲಿ. ನಮ್ಮ ದೇಶದಲ್ಲೂ 2022ರಲ್ಲಿ ರಸ್ತೆ ಸಾರಿಗೆ ಸಚಿವಾಲಯ ಎಐಎಸ್-142 ಅನ್ನುವ ಮಾನದಂಡ ತಂದು ಒದ್ದೆ ಹಿಡಿತ, ಉರುಳು ಪ್ರತಿರೋಧ, ಸದ್ದು ಮೂರನ್ನೂ ನಿಯಮದೊಳಗೆ ತಂದಿತು. ಐಎಸ್‌ಐ ಗುರುತು ಹೇಗೂ ಕಡ್ಡಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕು ಅಂಕಿಯ ತಯಾರಿಕೆ ದಿನಾಂಕ. 2324 ಅಂತ ಇದ್ದರೆ 2024ರ 23ನೇ ವಾರ ಎಂದರ್ಥ. ಸಣ್ಣ ಊರಿನ ಅಂಗಡಿಯಲ್ಲಿ ಹೆಚ್ಚು ಹೋಗುವ ಅಳತೆಗಳು ತಾಜಾ ಸಿಗುತ್ತವೆ. 16 ಇಂಚಿನ ಸ್ಪೋರ್ಟಿ ಅಳತೆ ಕೇಳುವವರು ಕಡಿಮೆ, ಹಾಗಾಗಿ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿರಬಹುದು. ಓಡದಿದ್ದರೂ ರಬ್ಬರ್ ಮುದಿಯಾಗುತ್ತದೆ, ಗಡಸಾಗುತ್ತದೆ. ತಮ್ಮ ಹೋದ ಮೊದಲ ಅಂಗಡಿಯಲ್ಲಿ ರಿಯಾಯಿತಿಗೆ ಸಿಕ್ಕ ನಾಲ್ಕು ಟೈರ್‌ಗಳಿಗೆ ಮೂರು ವರ್ಷ ದಾಟಿತ್ತು. ವೀಡಿಯೊ ಕಾಲ್‌ನಲ್ಲಿ ಅಂಕಿ ತೋರಿಸಲು ಹೇಳಿದ್ದಕ್ಕೆ ಗೊತ್ತಾಯಿತು.

ಸ್ಪೋರ್ಟೋ, ಟೂರಿಂಗೋ?

ಒಂದೇ ಕಂಪನಿಯಲ್ಲಿ ಎರಡು ಬಗೆ ಇರುತ್ತವೆ. ಮಿಷೆಲಿನ್‌ನಲ್ಲಿ ಪೈಲಟ್ ಸ್ಪೋರ್ಟ್ ಸಾಲು ಚುರುಕು ಓಟಕ್ಕೆ, ಪ್ರೈಮಸಿ ಸಾಲು ದೂರದ ಆರಾಮದ ಪಯಣಕ್ಕೆ. ಬೇರೆಯವರಲ್ಲೂ ಹೀಗೆಯೇ. ಅಪ್ಪಟ ಸ್ಪೋರ್ಟ್ ಟೈರ್ ಡಾಂಬರಿನ ಮೇಲೆ ರಾಜ. ಆದರೆ ಬೇಗ ಸವೆಯುತ್ತದೆ, ಮತ್ತು ಅದರ ಅಗಲವಾದ ರಬ್ಬರ್ ಪಟ್ಟಿಗಳ ನಡುವೆ ಎರೆಮಣ್ಣು ತುಂಬಿಕೊಂಡರೆ ಹೊಲದ ದಾರಿಯಲ್ಲಿ ಸೋಪಿನಂತೆ ಜಾರುತ್ತದೆ. ಅಗ್ಗದ ಮೈಲೇಜ್ ಟೈರ್ ಟರ್ಬೊ ಎಂಜಿನ್ನಿನ ಎಳೆತಕ್ಕೆ ಒದ್ದೆಯಲ್ಲಿ ಗಾಲಿ ಗಿರಗಿರ ತಿರುಗಿಸುತ್ತದೆ.

ನಮ್ಮ ತೀರ್ಮಾನ ನಡುವಿನದು: ಕಂಪನಿಯ ಅಳತೆ, ಅದೇ ವೇಗದ ಅಕ್ಷರ, ಒದ್ದೆ ಹಿಡಿತ ಚೆನ್ನಾಗಿರುವ, ಆಳ ಗೆರೆಗಳ ಟೂರಿಂಗ್ ಟೈರ್. ಬ್ರ್ಯಾಂಡ್ ಹೆಸರು ಬೇಕಂತಲೇ ಹೇಳುತ್ತಿಲ್ಲ. ನಿಮ್ಮ ಊರಲ್ಲಿ ತಾಜಾ ಸಿಗುವುದು ಯಾವುದೋ ಅದರ ಮೇಲೆ ಉತ್ತರ ಬದಲಾಗುತ್ತದೆ. ಬೆಳಗಾವಿಯಿಂದ ತರಿಸಲು ಐದು ದಿನ ಹಿಡಿಯಿತು. ಕಾಕಾ ನೋಡಿಟ್ಟ ಟೈರಿಗಿಂತ ಒಂದಕ್ಕೆ ಎರಡು ಸಾವಿರ ಹೆಚ್ಚು, ನಾಲ್ಕಕ್ಕೆ ಎಂಟು ಸಾವಿರ. 40 ಸಾವಿರ ಕಿ.ಮೀ. ಓಡಿದರೆ ಕಿಲೋಮೀಟರಿಗೆ 20 ಪೈಸೆ. “ಇಪ್ಪತ್ತ್ ಪೈಸಾಕ್ಕ ಮೊಮ್ಮಗಳ ಜೀವಾ ಅಂದ್ರ ಸೋವಿ ಆತಲ್ಲೋ,” ಅಂದರು ಕಾಕಾ.

ಅಂಗಡಿಗೆ ಹೋಗುವ ಮುನ್ನ

• ಗೆರೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬ ಇರುತ್ತದೆ. ರಬ್ಬರ್ ಅದರ ಮಟ್ಟಕ್ಕೆ ಸವೆದರೆ ಉಳಿದ ಆಳ 1.6 ಮಿ.ಮೀ., ಅದೇ ಕಾನೂನಿನ ಕನಿಷ್ಠ. ಮಳೆಗಾಲಕ್ಕೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಜಾಣತನ.

• ನಾಲ್ಕೂ ಒಟ್ಟಿಗೆ ಆಗದಿದ್ದರೆ ಒಂದೇ ಆಕ್ಸಲ್‌ಗೆ ಎರಡು ಹಾಕಿಸಿ, ಹೊಸವು ಹಿಂದೆ ಇರಲಿ. ಮುಂದಿನ ಗಾಲಿ ಎಳೆಯುವ ಕಾರಿಗೂ ಇದೇ ಮಾತು. ಒದ್ದೆಯಲ್ಲಿ ಹಿಂಭಾಗ ಜಾರಿ ಕಾರು ತಿರುಗಿದರೆ ಸರಿಪಡಿಸುವುದು ಬಹಳ ಕಷ್ಟ.

• ಬಾಣದ ಗುರುತು ಅಥವಾ ‘ಔಟ್‌ಸೈಡ್’ ಎಂಬ ಬರಹ ಇದ್ದರೆ ಹಾಗೆಯೇ ಕೂಡಿಸಿದ್ದಾರಾ ನೋಡಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಆಗಲೇ ಮಾಡಿಸಿ.

• ಹವಾ ಎಷ್ಟು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಹೇಳುತ್ತದೆ. ಟೈರ್ ತಣ್ಣಗಿರುವಾಗ ಅಳೆಯಿರಿ. ತಾಪಮಾನ 10 ಡಿಗ್ರಿ ಏರಿದರೆ ಒತ್ತಡ ಸುಮಾರು 2 ಪಿಎಸ್‌ಐ ಏರುತ್ತದೆ. ಕಾದ ಟೈರಿನ ಹವಾ ತೆಗೆಯಬೇಡಿ. ಕಡಿಮೆ ಹವಾದಲ್ಲಿ ಓಡಿದ ಟೈರೇ ಬೇಸಿಗೆಯಲ್ಲಿ ಹೆಚ್ಚು ಕಾದು ಒಡೆಯುವುದು.

• ಸ್ಟೆಪ್ನಿಯ ಹವಾ ಕೂಡ ತಿಂಗಳಿಗೊಮ್ಮೆ ನೋಡಿ. ಅದರ ಅಳತೆ ಬೇರೆ ಇದ್ದರೆ ಅದರ ಮೇಲೆ ಬರೆದ ವೇಗ ಮೀರಬೇಡಿ.

ಕೊನೆಯದಾಗಿ, ಟ್ರ್ಯಾಕ್ಟರ್ ಇರುವ ಮನೆಯವರಿಗೂ ಒಂದು ಮಾತು. ಹಂಗಾಮು ಶುರುವಾಗುವ ಮುನ್ನ ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಹೊಲದಿಂದ ರಸ್ತೆಗೆ ಹತ್ತುವಾಗ ಒಂದು ಅರಿವೆಯಿಂದ ಅದರ ಮೇಲಿನ ಮಣ್ಣು ಒರೆಸಿ. ಕಾರಿನವರು ಎಷ್ಟು ಒಳ್ಳೆಯ ಟೈರ್ ಹಾಕಿಸಿದರೂ, ಕಾಣದ ಟ್ರೇಲರಿನ ಮುಂದೆ ಅದು ಅರ್ಧ ಕೆಲಸ ಮಾತ್ರ ಮಾಡಬಲ್ಲದು.